ಬಸವಣ್ಣೆವ್ವ: ಅಣ್ಣನೂ ಅವ್ವನೂ ಇರುವ ಹೆಸರು

ಪ್ರಶ್ನೆ: ನಮ್ಮ ತವರು ಹಾವೇರಿ ಜಿಲ್ಲೆ ಬ್ಯಾಡಗಿ ಹತ್ತಿರದ ಹಳ್ಳಿ. ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಮ್ಮ ಅಜ್ಜಿಯ ಹೆಸರು ಬಸವಣ್ಣೆವ್ವ. ಅವಳ ಮದುವೆಯ ತಾಮ್ರದ ಕೊಡದ ಮೇಲೆ ಹಾಗೇ ಬರೆದಿದೆ. ಆದರೆ ಆಧಾರ್ ಕಾರ್ಡಿನಲ್ಲಿ ಬಸಮ್ಮ ಅಂತಿತ್ತು. ಹೋದ ತಿಂಗಳು ನನಗೆ ಮಗಳು ಹುಟ್ಟಿದಳು. ಅಜ್ಜಿಯ ಹೆಸರು ಉಳಿಯಲಿ ಅಂತ ಮಗಳಿಗೆ ‘ಬಸವ’ ಎಂದಿಡೋಣ ಅಂದೆ. ‘ಅದು ಗಂಡುಮಕ್ಕಳ ಹೆಸರು’ ಎಂದು ಮನೆಯಲ್ಲಿ ಎಲ್ಲರೂ ತಡೆದರು. ಹಾಗಾದರೆ ಅಜ್ಜಿಗೆ ಆ ಹೆಸರು ಹೇಗೆ ಬಂತು? ಒಂದೇ ಹೆಸರಿನಲ್ಲಿ ಅಣ್ಣ, ಅವ್ವ ಇಬ್ಬರೂ ಯಾಕಿದ್ದಾರೆ?

ಉತ್ತರ: ಮೊದಲು ಆ ಕೊಡವನ್ನು ಜೋಪಾನವಾಗಿ ಎತ್ತಿಡಿ. ಹಳೇದಾಯಿತು ಅಂತ ಮೋಡಕಾದವರಿಗೆ ಹಾಕಬೇಡಿ. ನಮ್ಮ ಕಡೆ ಹೆಣ್ಣುಮಕ್ಕಳ ನಿಜವಾದ ಹೆಸರು ತಿಳಿಯಬೇಕೆಂದರೆ ಕಾಗದಕ್ಕಿಂತ ಪಾತ್ರೆಯನ್ನೇ ಜಾಸ್ತಿ ನಂಬಬೇಕು. ಹೆಸರುಗಳ ಬೆನ್ನು ಹತ್ತಿ ಊರೂರು ತಿರುಗುವಾಗ ನಾನು ಮೊದಲು ಕೇಳುವುದು ಅಟ್ಟದ ಮೇಲಿನ ಪಾತ್ರೆಗಳನ್ನೇ. ಒಮ್ಮೆ ಲಕ್ಷ್ಮೇಶ್ವರದ ಕಡೆ ಒಂದು ಮನೆಯಲ್ಲಿ ಹಿತ್ತಾಳೆ ಕೊಪ್ಪರಿಗೆ ಇಳಿಸಿ ತೋರಿಸಿದರು. ಅಂಚಿನಲ್ಲಿ ಚುಕ್ಕಿ ಚುಕ್ಕಿ ಹೊಡೆದು ‘ಬಸವಣೆವ’ ಅಂತ ಬರೆದಿತ್ತು. ಜಾಗ ಸಾಲದೆ ಕೆತ್ತುವವನು ಎರಡೂ ಒತ್ತಕ್ಷರ ಬಿಟ್ಟಿದ್ದ. ಆ ಮನೆಯ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೂ ಚುಕ್ಕಿಗಳ ಮೇಲೆ ಬೆರಳಾಡಿಸಿ ‘ಇದು ನಮ್ಮತ್ತಿ ಹೆಸರು’ ಅಂದಳು. ಅಕ್ಷರ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಅವಳ ಬೆರಳಿಗೆ ಗೊತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಸವ ಎನ್ನುವುದು ಮೊದಲಿಗೆ ಗಂಡುಮಕ್ಕಳ ಹೆಸರೂ ಅಲ್ಲ, ಹೆಣ್ಣುಮಕ್ಕಳ ಹೆಸರೂ ಅಲ್ಲ. ಅದು ದೇವರ ಹೆಸರು. ಆ ಹೆಸರು ಇಟ್ಟುಕೊಂಡವರು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದದ್ದು ಕೊನೆಗೆ ಬರುವ ಅಪ್ಪ ಅಥವಾ ಅವ್ವ. ಬಸಪ್ಪ ಅಂದರೆ ಗಂಡು, ಬಸವ್ವ ಅಂದರೆ ಹೆಣ್ಣು. ನಾವು ಕಳೆದ ಮೂರು ನಾಲ್ಕು ತಲೆಮಾರಿನಲ್ಲಿ ಆ ಕೊನೆಯನ್ನು ನಾಚಿಕೆಯಿಂದ ಕಿತ್ತುಹಾಕಿದೆವು. ಉಳಿದ ದೇವರ ಹೆಸರು ಗಂಡುಮಕ್ಕಳ ಪಾಲಾಯಿತು. ನಿಮ್ಮ ಮನೆಯವರು ಹೇಳುತ್ತಿರುವುದು ಇವತ್ತಿನ ಮಟ್ಟಿಗೆ ನಿಜ. ನಿಮ್ಮ ಅಜ್ಜಿಯ ಕಾಲಕ್ಕೆ ನಿಜವಲ್ಲ.

ಹೆಸರಿನ ಬೇರು ನೋಡೋಣ. ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹ ಆಯಿತು. ಕನ್ನಡಕ್ಕೆ ಬಂದು ಬಸವ ಆಯಿತು. ಮೊದಲಿನ ವಕಾರ ನಮ್ಮಲ್ಲಿ ಬಕಾರ ಆಗುವುದು ಹೊಸದೇನಲ್ಲ. ವನ ಬನವಾಯಿತು, ವರ್ಣ ಬಣ್ಣವಾಯಿತು, ವಸತಿ ಬಸದಿಯಾಯಿತು. ಹಾಗೇ ಇದೂ. ಅರ್ಥ ಗೂಳಿ, ಶಿವನ ಮುಂದೆ ಕೂತ ನಂದಿ. 12ನೇ ಶತಮಾನದಲ್ಲಿ ಬಾಗೇವಾಡಿಯ ಮಾದರಸ, ಮಾದಲಾಂಬಿಕೆಯರ ಮಗನಿಗೆ ಈ ಹೆಸರು ಬಂದದ್ದೂ ತಾಯಿ ನಂದಿಗೆ ನಡೆದುಕೊಂಡು ಪಡೆದ ಮಗ ಅಂತಲೇ, ಎನ್ನುತ್ತವೆ ಪುರಾಣಗಳು. ಆಮೇಲೆ ಆ ಮಗನೇ ಬಸವಣ್ಣನಾಗಿ ನಾಡಿಗೆಲ್ಲ ಪೂಜ್ಯನಾದ. ಹಾಗಾಗಿ ನಮ್ಮ ಊರುಗಳಲ್ಲಿ ಬಸವಣ್ಣ ಅಂದರೆ ಇಬ್ಬರು. ಕಲ್ಯಾಣದ ಶರಣ ಒಬ್ಬ. ಗುಡಿಯಲ್ಲಿ ಕೂತ ಕಲ್ಲಿನ ಬಸವಣ್ಣ ಇನ್ನೊಬ್ಬ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಾಡಿಕೊಂಡು ಬರುವ ಮಣ್ಣಿನ ಜೋಡಿಗೂ ‘ಬಸವಣ್ಣ’ ಅಂತಲೇ ಕೈ ಮುಗಿಯುತ್ತೇವೆ, ಅಲ್ವಾ?

ನಿಮ್ಮ ಅಜ್ಜಿಯ ಹೆಸರಿನ ಅಣ್ಣ ಬಂದದ್ದು ಇಲ್ಲಿಂದಲೇ. ಹಳ್ಳಿಯಲ್ಲಿ ದೇವರನ್ನು ಯಾರೂ ಬರಿದೇ ‘ಬಸವ’ ಅನ್ನುವುದಿಲ್ಲ. ಅದು ಬಸವಣ್ಣನ ಗುಡಿ, ಬಸವಣ್ಣನ ಜಾತ್ರೆ, ಬಸವಣ್ಣನ ಹರಕೆ. ಅಣ್ಣ ಎನ್ನುವುದು ಆ ಹೆಸರಿಗೆ ಎಷ್ಟು ಗಟ್ಟಿಯಾಗಿ ಅಂಟಿದೆ ಎಂದರೆ, ಕೇಳುವವರ ಕಿವಿಗೆ ಅದು ಅಣ್ಣ ಅನ್ನಿಸುವುದೇ ಇಲ್ಲ. ಇಡೀ ಬಸವಣ್ಣ ಒಂದೇ ಮಾತು. ಆ ದೇವರ ಹೆಸರಿನವಳು ಎಂದು ಹೇಳಲು ಅದರ ಮುಂದೆ ಅವ್ವ ಸೇರಿತು. ಬಸವಣ್ಣ ಮತ್ತು ಅವ್ವ ಸೇರಿ ಬಸವಣ್ಣೆವ್ವ. ನಡುವಿನ ಎಕಾರ ನಮ್ಮ ಸೀಮೆಯ ಬಾಯಿಯ ರೂಢಿ. ಕರಿಯಪ್ಪನನ್ನು ಕರೆಪ್ಪ ಅನ್ನುತ್ತೇವೆ, ಹುಲಿಗಿಯವ್ವನನ್ನು ಹುಲಿಗೆವ್ವ ಅನ್ನುತ್ತೇವೆ, ಶಂಕರಪ್ಪನನ್ನು ಶಂಕ್ರೆಪ್ಪ ಅನ್ನುತ್ತೇವೆ. ಇದೇ ಹೆಸರಿನ ಗಂಡುರೂಪ ಬಸವಣ್ಣೆಪ್ಪ. ಅದರಲ್ಲಿ ಅಣ್ಣ, ಅಪ್ಪ ಇಬ್ಬರೂ ಇದ್ದಾರೆ. ಅದನ್ನು ಕೇಳಿ ಯಾರಿಗೂ ಸೋಜಿಗವಾಗುವುದಿಲ್ಲ. ಬಸವಣ್ಣೆವ್ವ ಅಂದಾಗ ಮಾತ್ರ ತಿರುಗಿ ನೋಡುತ್ತಾರೆ.

ಇಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿ ಹೇಳಬೇಕು. ದೇವಿಯ ಹೆಸರನ್ನು ಗಂಡುಮಕ್ಕಳಿಗೆ ಇಡುವಾಗ ಹೀಗಾಗುವುದಿಲ್ಲ. ದ್ಯಾಮವ್ವನ ಹೆಸರಿನ ಹುಡುಗ ದ್ಯಾಮಪ್ಪ. ಯಲ್ಲವ್ವನ ಹೆಸರಿನವನು ಯಲ್ಲಪ್ಪ. ದುರ್ಗವ್ವನ ಹೆಸರಿನವನು ದುರ್ಗಪ್ಪ. ‘ದ್ಯಾಮವ್ವಪ್ಪ’ ಎಂಬ ಹೆಸರು ನಾನು ಎಲ್ಲೂ ಕೇಳಿಲ್ಲ. ಅವ್ವ ಎದ್ದು ಹೋಗಿ ಅದೇ ಜಾಗದಲ್ಲಿ ಅಪ್ಪ ಕೂರುತ್ತಾನೆ. ಬಸವಣ್ಣೆವ್ವನಲ್ಲಿ ಮಾತ್ರ ಅಣ್ಣ ಏಳುವುದಿಲ್ಲ. ಯಾಕೆಂದರೆ ಅಪ್ಪ, ಅವ್ವ ಎರಡೂ ಒಂದೇ ಮಣೆಯ ಮೇಲೆ ಕೂರುವವು. ಅಣ್ಣ ಆ ಮಣೆಯದಲ್ಲ, ದೇವರ ಹೆಸರಿನ ಒಳಗಿನದು. ಇಷ್ಟು ಸಣ್ಣ ಲೆಕ್ಕವನ್ನು ಯಾವ ವ್ಯಾಕರಣ ಓದದವರೂ ತಪ್ಪದೆ ಪಾಲಿಸುತ್ತಿದ್ದರು.

ಈ ಅವ್ವ ಎಷ್ಟು ಹಳೆಯದು ಎಂದು ನೋಡಲು ಗದಗಿಗೆ ಹೋಗಿ. ಅಲ್ಲಿಂದ ಲಕ್ಕುಂಡಿ ಹತ್ತಿರ. ಅಲ್ಲಿನ ಬ್ರಹ್ಮಜಿನಾಲಯ ಕಟ್ಟಿಸಿದವಳು ಅತ್ತಿಮಬ್ಬೆ. ಶಾಸನದ ವರ್ಷ 1007. ಅವಳ ತಾಯಿ ಅಬ್ಬಕಬ್ಬೆ, ತಂಗಿ ಗುಂಡಮಬ್ಬೆ. ಕೊನೆಯಲ್ಲಿರುವ ಅಬ್ಬೆ ಎಂದರೆ ತಾಯಿ, ನಮ್ಮ ಅವ್ವನೇ. ಮುಂದೆ ಶರಣೆಯರ ಕಾಲಕ್ಕೆ ಬಂದರೆ ಸಂಕವ್ವೆ, ಕಾಳವ್ವೆ ಎಂಬ ಹೆಸರುಗಳು ಸಿಗುತ್ತವೆ. ಅಬ್ಬೆ ಅವ್ವೆಯಾಗಿ, ಅವ್ವೆ ಅವ್ವ ಆಯಿತು. ಹಡಪದ ಅಪ್ಪಣ್ಣನ ಹೆಂಡತಿ ಲಿಂಗಮ್ಮ. ಇನ್ನೊಬ್ಬ ಶರಣೆ ಕೊಟ್ಟಣದ ಸೋಮಮ್ಮ. ಲಿಂಗ, ಸೋಮ ಎರಡೂ ಶಿವನ ಹೆಸರುಗಳೇ. ಅಂದರೆ ಗಂಡುದೇವರ ಹೆಸರು ಹೆಣ್ಣುಮಗಳಿಗೆ ಇಡುವುದು ಆಗಲೇ ಮಾಮೂಲಿಯಾಗಿತ್ತು. ಕಿತ್ತೂರು ಚನ್ನಮ್ಮನ ಸವತಿಯ ಹೆಸರು ರುದ್ರಮ್ಮ. ನಿಮ್ಮ ಬ್ಯಾಡಗಿ ಪಕ್ಕದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಹೆಂಡತಿ, ಸ್ವಾತಂತ್ರ್ಯ ಹೋರಾಟದಲ್ಲಿ ಅವರ ಜೊತೆ ನಿಂತವರು, ಸಿದ್ದಮ್ಮ. ಇವರ ಹೆಸರು ‘ಗಂಡು ಹೆಸರು’ ಎಂದು ಯಾರಾದರೂ ಅಂದದ್ದುಂಟೇ?

ಗಂಡುದೇವರು, ಹೆಣ್ಣುದೇವರು ಅನ್ನುವುದೂ ಬೇಡ. ಶಿರಹಟ್ಟಿ ಫಕ್ಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಫಕ್ಕೀರಪ್ಪ ಇದ್ದಾನೆ, ಫಕ್ಕೀರವ್ವ ಇದ್ದಾಳೆ. ಫಕೀರ ಅರಬ್ಬಿ ಮಾತು. ಅದಕ್ಕೂ ನಮ್ಮವರು ಅವ್ವ ಸೇರಿಸಿ, ಎಣ್ಣೆ ಹಚ್ಚಿ, ಎರೆದು, ತೊಟ್ಟಿಲಲ್ಲಿ ಮಲಗಿಸಿದರು. ನನಗೆ ಈ ಹೆಸರಿನ ಮೇಲೆ ವಿಶೇಷ ಪ್ರೀತಿ.

ಈಗ ಹೆಸರು ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ಹೇಗೆ ದಾಟುತ್ತಿತ್ತು ಎನ್ನುವುದು. ದಾರಿ ಎರಡು. ಒಂದು ಹರಕೆ. ‘ಬಸವಣ್ಣ, ಕೂಸು ಉಳಿದರೆ ನಿನ್ನ ಹೆಸರು ಇಡತೀನಿ’ ಎಂದು ಬೇಡಿಕೊಂಡಿರುತ್ತಾರೆ. ಹುಟ್ಟುವುದು ಗಂಡೋ ಹೆಣ್ಣೋ ಗೊತ್ತಿರುವುದಿಲ್ಲ. ಹರಕೆ ಎರಡಕ್ಕೂ ಸೇರಿರುತ್ತದೆ. ಇನ್ನೊಂದು ಹಿರಿಯರ ಹೆಸರು. ಅಜ್ಜ ಬಸಪ್ಪ ತೀರಿಕೊಂಡ ವರ್ಷ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಅವಳು ಬಸವ್ವ. ‘ಅಜ್ಜ ಹೊಳ್ಳಿ ಬಂದ’ ಎಂದೇ ಅನ್ನುತ್ತಿದ್ದರು. ಅಜ್ಜಿ ಯಲ್ಲವ್ವನ ಹೆಸರು ಮೊಮ್ಮಗನಿಗೆ ಯಲ್ಲಪ್ಪ ಎಂದು ಬರುತ್ತಿತ್ತು. ಸತ್ತವರ ಹೆಸರು ಮುಂದಿನ ಕೂಸಿಗೆ ಹೋಗಬೇಕು, ಅಷ್ಟೇ. ಕೂಸು ಗಂಡೋ ಹೆಣ್ಣೋ ಎಂದು ಕಾಯುತ್ತ ಕೂರುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ನಿಮ್ಮ ಅಜ್ಜಿಯ ಹೆಸರೂ ಹೀಗೇ ಯಾರೋ ಬಸವಣ್ಣೆಪ್ಪನಿಂದ ಬಂದಿರಬಹುದು. ಮನೆಯ ಹಳೇ ಉತಾರ, ಅಂದರೆ ಆಸ್ತಿಯ ದಾಖಲೆ, ಇದ್ದರೆ ಒಮ್ಮೆ ನೋಡಿ.

ಒಂದು ಅನುಮಾನ ನಿಮಗೆ ಬಂದಿರಬಹುದು. ಅವ್ವ ಅಂದರೆ ತಾಯಿ, ಕೂಸಿಗೆ ಯಾಕೆ? ಅದಕ್ಕೆ ನಮ್ಮ ಕಡೆಯ ಅಡುಗೆಮನೆಯಲ್ಲಿ ಒಂದು ದಿನ ಕೂತರೆ ಸಾಕು. ನಮ್ಮ ತಾಯಂದಿರು ಎರಡು ವರ್ಷದ ಮಗಳನ್ನೂ ‘ಬಾ ನಮ್ಮವ್ವಾ’ ಎಂದೇ ಕರೆಯುತ್ತಾರೆ. ಅವ್ವ ಎನ್ನುವುದು ವಯಸ್ಸಿನ ಲೆಕ್ಕವಲ್ಲ, ಮಮತೆಯ ಮಾತು.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಬಸವ ಎಂಬುದಕ್ಕೆ ‘ಬಸವಿ’ ಎಂಬ ಹೆಣ್ಣುರೂಪವೂ ಉಂಟು. ಅದು ಯಾವತ್ತೂ ಒಳ್ಳೆಯ ಹೆಸರಾಗಿ ನಿಲ್ಲಲಿಲ್ಲ. ಗಂಡುಮಕ್ಕಳಿಲ್ಲದ ಕೆಲವು ಮನೆಗಳಲ್ಲಿ ಮಗಳನ್ನು ದೇವರಿಗೆ ಬಿಟ್ಟು, ಮದುವೆ ಮಾಡದೆ, ತವರಲ್ಲೇ ಇರಿಸಿಕೊಳ್ಳುತ್ತಿದ್ದರು. ಅವಳು ಮಗನ ಜಾಗದಲ್ಲಿ ನಿಂತು ಅಪ್ಪ ಅವ್ವನನ್ನು ನೋಡಿಕೊಳ್ಳಬೇಕು. ಅವಳ ಮಕ್ಕಳು ಆ ಮನೆಯ ವಂಶ ಮುಂದುವರಿಸಬೇಕು. ಹೀಗೆ ಬಿಟ್ಟ ಹೆಣ್ಣುಮಗಳನ್ನು ಬಸವಿ ಎನ್ನುತ್ತಿದ್ದರು. ದೇವರ ಹೆಸರಿನಲ್ಲಿ ಬಿಟ್ಟ ಗೂಳಿಯ ಹಾಗೆ. ಮಗನ ಹಕ್ಕು ಕೊಟ್ಟಂತೆ ಕಂಡರೂ ಆ ಹುಡುಗಿಯರ ಬಾಳು ಹಾಳಾಯಿತು. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು ಕರ್ನಾಟಕ 1982ರ ಕಾನೂನಿನಿಂದ ನಿಷೇಧಿಸಿತು. ಮನೆಯ ಹಿರಿಯರು ‘ಬಸವ’ ಹೆಸರು ಹೆಣ್ಣಿಗೆ ಬೇಡ ಎಂದದ್ದರ ಹಿಂದೆ ಈ ಪದದ ನೆನಪೂ ಇರಬಹುದು. ಅವರನ್ನು ಕೇಳಿ ನೋಡಿ. ಇದ್ದರೆ, ಬಸವ್ವನಿಗೂ ಬಸವಿಗೂ ಸಂಬಂಧವಿಲ್ಲ ಎಂದು ನಿಧಾನವಾಗಿ ತಿಳಿಸಿ. ಗೌರವಸ್ಥ ಮನೆಗಳ ಹಿರಿಯ ಹೆಣ್ಣುಮಕ್ಕಳ ಹೆಸರು ಅದು. ನೂರಾರು ಕೊಡಗಳ ಮೇಲಿದೆ.

ಹಾಗಾದರೆ ಹೆಸರು ಗಂಡಿನ ಕಡೆ ವಾಲಿದ್ದು ಯಾವಾಗ? ಶಾಲೆ ಬಂದ ಮೇಲೆ, ಪ್ಯಾಟಿ ಬಂದ ಮೇಲೆ. ಅಪ್ಪ, ಅವ್ವ ಹಳ್ಳಿಯ ಗುರುತಾದವು. ಗಂಡುಮಕ್ಕಳಿಗೆ ಅಪ್ಪ ಹೋಗಿ ರಾಜ ಬಂದ. ಎಲ್ಲರಿಗೂ ಗೊತ್ತಿರುವ ಒಂದು ಮನೆಯನ್ನೇ ನೋಡಿ. ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಪೂರ್ತಿ ಹೆಸರು ಸೋಮಪ್ಪ ರಾಯಪ್ಪ ಬೊಮ್ಮಾಯಿ. ಅವರ ಮಗ, ಮುಂದೆ ಮುಖ್ಯಮಂತ್ರಿಯಾದವರು, ಬಸವರಾಜ. ರಾಯಪ್ಪ, ಸೋಮಪ್ಪ, ಆಮೇಲೆ ಬಸವರಾಜ. ಮೂರನೇ ತಲೆಗೆ ಅಪ್ಪ ಇಳಿದ. ಹಾಗಂತ ಬಸವರಾಜ ಪೂರ್ತಿ ಹೊಸ ಹೆಸರೇನಲ್ಲ. ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ 1920ರಲ್ಲಿ ಹುಟ್ಟಿದ ಗಾಯಕ ಬಸವರಾಜ ರಾಜಗುರು ಅವರಿಗೂ ಅದೇ ಹೆಸರು. ಆದರೆ ಪ್ರತಿ ಓಣಿಯಲ್ಲಿ ನಾಲ್ಕು ಬಸವರಾಜರು ಸಿಗುವ ಕಾಲ ಬಂದದ್ದು ಆಮೇಲೆ. 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಶುರು ಮಾಡಿದರು. ಅದು ಊರೂರಿಗೆ ಹಬ್ಬಿದಂತೆ ಬಸವಣ್ಣ ಗುಡಿಯಿಂದ ಹೊರಬಂದು ಮೆರವಣಿಗೆಯ ನಾಯಕನಾದ, ಕುದುರೆ ಏರಿದ ಚಿತ್ರವಾದ. ಬಸಪ್ಪನಿಗಿಂತ ಬಸವರಾಜ ಆ ಚಿತ್ರಕ್ಕೆ ಹೊಂದುವ ಹೆಸರು ಎನ್ನುವುದು ನನ್ನ ಅಭಿಪ್ರಾಯ.

ಆದರೆ ಬಸವ್ವನಿಗೆ ಇಂಥ ಬಡ್ತಿ ಸಿಗಲಿಲ್ಲ. ಬಸವರಾಜೇಶ್ವರಿ ಎಂಬ ಹೆಸರು ಉಂಟು. ಬಳ್ಳಾರಿಯ ಸಂಸದೆಯಾಗಿದ್ದವರ ಹೆಸರೇ ಅದು. ಅದರಲ್ಲೂ ನೋಡಿ, ಮೊದಲು ರಾಜ ಬರಬೇಕು, ಆಮೇಲೆ ಈಶ್ವರಿ. ಬಹಳ ಮನೆಗಳಲ್ಲಿ ಅದೂ ಇಲ್ಲ. ಅಣ್ಣ ಬಸವರಾಜ, ತಂಗಿ ಗೀತಾ. ನಮ್ಮ ಮನೆಯಲ್ಲೂ ಇದೇ ಆಯಿತು. ನಮ್ಮ ಅಪ್ಪನ ಅಜ್ಜಿ ಬಸವ್ವ. ಅವಳು ತೀರಿಕೊಂಡ ಮೇಲೆ ಹುಟ್ಟಿದ್ದು ನಮ್ಮಕ್ಕ. ಅವಳಿಗೆ ಬೇರೆ ಹೆಸರು ಇಟ್ಟರು, ಚಂದದ ಹೆಸರು ಅಂತ. ಮೂರು ವರ್ಷದ ಮೇಲೆ ಅಣ್ಣ ಹುಟ್ಟಿದಾಗ ಮುದುಕಿಯ ಹೆಸರು ನೆನಪಾಯಿತು. ಅವನು ಬಸವರಾಜನಾದ. ಹೆಣ್ಣುಮಗಳ ಹೆಸರು ಹೆಣ್ಣುಮಗಳನ್ನು ದಾಟಿ ಗಂಡುಮಗನಿಗೆ ಹೋಯಿತು. ಅಕ್ಕ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ಅವಳ ಸಿಟ್ಟು ಸರಿಯಾಗಿದೆ.

ಕಾಗದದ ಕಾಟ ಬೇರೆ. ನಿಮ್ಮ ಅಜ್ಜಿ ಆಧಾರ್‌ನಲ್ಲಿ ಬಸಮ್ಮ ಆದದ್ದು ಹಾಗೇ. ಬರೆಯುವವರಿಗೆ ಬಸವಣ್ಣೆವ್ವ ಉದ್ದ ಅನ್ನಿಸಿರಬೇಕು, ಇಲ್ಲವೇ ತಪ್ಪು ಅನ್ನಿಸಿರಬೇಕು. ನಮ್ಮ ದೊಡ್ಡವ್ವನದು ಇದಕ್ಕಿಂತ ಕೆಟ್ಟದ್ದು. ಅವಳ ಹೆಸರೂ ಬಸವ್ವ. ಗಂಡ ಹೋದ ಮೇಲೆ ವಿಧವಾ ವೇತನ ಬರುತ್ತಿತ್ತು. ಒಂದು ವರ್ಷ ಇದ್ದಕ್ಕಿದ್ದಂತೆ ನಿಂತಿತು. ಕಚೇರಿಗೆ ಹೋಗಿ ಪಟ್ಟಿ ತೆಗೆಸಿದರೆ ಇಂಗ್ಲಿಷಿನಲ್ಲಿ ಒಂದು ವಿ ಹಾರಿ ಹೆಸರು ‘ಬಸವ’ ಆಗಿತ್ತು. ಪಕ್ಕದ ಕಾಲಮ್ಮಿನಲ್ಲಿ ‘ಪುರುಷ’ ಅಂತ ಬಿದ್ದಿತ್ತು. ಕುಂಕುಮ ಅಳಿಸಿಕೊಂಡ ಹೆಣ್ಣುಮಗಳು ಎದುರಿಗೇ ನಿಂತಿದ್ದಾಳೆ, ಕಾಗದ ಮಾತ್ರ ಅವಳು ಗಂಡಸು ಎನ್ನುತ್ತಿದೆ. ನಾಲ್ಕು ಸಲ ಅಲೆದು, ಅರ್ಜಿ ಕೊಟ್ಟು, ಏಳು ತಿಂಗಳ ಮೇಲೆ ದುಡ್ಡು ಮತ್ತೆ ಶುರುವಾಯಿತು. ಒಂದು ಅವ್ವ ಬಿದ್ದುಹೋದರೆ ಏನಾಗುತ್ತದೆ ಎಂದು ಅವತ್ತು ಕಣ್ಣಾರೆ ನೋಡಿದೆ.

ಇದೇ ಕಾರಣಕ್ಕೆ ಮಗಳಿಗೆ ಬರಿಯ ‘ಬಸವ’ ಬೇಡ ಎನ್ನುತ್ತೇನೆ. ಅದು ಗಂಡು ಹೆಸರು ಅಂತಲ್ಲ. ಅವ್ವ ಇಲ್ಲದೆ ಅದು ನಿಮ್ಮ ಅಜ್ಜಿಯ ಹೆಸರೇ ಆಗುವುದಿಲ್ಲ. ಅವಳನ್ನು ಬಿಟ್ಟು ದೇವರನ್ನಷ್ಟೇ ಇಟ್ಟುಕೊಂಡಂತೆ. ಬಸವಶ್ರೀ, ಬಸವಾಂಬಿಕಾ ಅಂತೆಲ್ಲ ಸಲಹೆ ಕೊಡುವವರು ಸಿಗುತ್ತಾರೆ. ಇಟ್ಟರೆ ತಪ್ಪಿಲ್ಲ. ನನ್ನನ್ನು ಕೇಳಿದರೆ ಬಸವ್ವ ಎಂದೇ ಇಡಿ. ಮೂರೇ ಅಕ್ಷರ, ಕರೆಯಲು ಹಗುರ. ಹುಬ್ಬಳ್ಳಿಯ ಶಾಲೆಯಲ್ಲಿ ಮಕ್ಕಳು ನಗಬಹುದು ಎಂಬ ಹೆದರಿಕೆ ನಿಮಗಿರಬಹುದು. ಈಗಿನ ಮಕ್ಕಳಿಗೆ ಈ ಹೆಸರು ಹಳೇದಲ್ಲ, ಕೇಳಿಯೇ ಇಲ್ಲದ ಹೊಸ ಹೆಸರು. ಅವರು ಅಜ್ಜಿ ಹೆಸರು ಎಂದು ನಗಲು ಅವರ ಅಜ್ಜಿಯರ ಹೆಸರೇ ಈಗ ಸುಮಾ, ಗೀತಾ.

ಬರೆಸುವಾಗ ಎಚ್ಚರ ಇರಲಿ. ಹೆರಿಗೆಯಾದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆಸ್ಪತ್ರೆಯವರು ಮಾಡಿಸಿರುತ್ತಾರೆ. ಹೆಸರನ್ನು ಆಗಲೇ ಕೊಡಬೇಕೆಂದಿಲ್ಲ. 12 ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಉಂಟು. ಹಾಗಾಗಿ ಮನೆಯವರ ಜೊತೆ ಜಗಳ ಬೇಡ, ಟೈಮ್ ಇದೆ. ಇಂಗ್ಲಿಷ್ ಕಾಗುಣಿತ ಮಾತ್ರ ಮೊದಲೇ ಒಂದು ಗೊತ್ತು ಮಾಡಿಕೊಳ್ಳಿ. ವ್ವ ಬರೆಯಲು ನಮ್ಮ ಕಡೆ ಕೆಲವರು ಎರಡು ವಿ ಹಾಕುತ್ತಾರೆ, ಕೆಲವರು ಎರಡು ಡಬ್ಲ್ಯೂ. ಯಾವುದಾದರೂ ಸರಿ, ಎಲ್ಲ ಕಾಗದದಲ್ಲೂ ಒಂದೇ ಇರಲಿ. ಒಂದೇ ವಿ ಹಾಕಲು ಮಾತ್ರ ಬಿಡಬೇಡಿ. ನಮ್ಮ ದೊಡ್ಡವ್ವ ಸಿಕ್ಕಿಬಿದ್ದದ್ದು ಅಲ್ಲೇ.

ಬಸವಣ್ಣೆವ್ವ ಎಂಬ ಪೂರ್ತಿ ಹೆಸರನ್ನು ತೊಟ್ಟಿಲಿಗೆ ಇಟ್ಟುಕೊಳ್ಳಿ. ಹೆಸರಿಡುವ ದಿನ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಊದಿ ಹೆಸರು ಹೇಳುತ್ತಾಳಲ್ಲ, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರಲ್ಲ, ಆಗ ಇದೇ ಹೆಸರು ಹೇಳಿಸಿ. ಕಿವಿಯಲ್ಲಿ ಹೇಳುವ ಹೆಸರಿಗೆ ಫಾರ್ಮು ಬೇಕಿಲ್ಲ, ಕಾಲಮ್ಮು ಬೇಕಿಲ್ಲ. ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಟ್ಟಿಲ ಪಕ್ಕ ಇಡಿ. ಮತ್ತೆ ಒಂದು ಕೆಲಸ ಮಾಡಿ. ಆ ಕೊಡದ ಮೇಲಿನ ಅಕ್ಷರಗಳ ಫೋಟೊ ತೆಗೆದು ನನಗೆ ಕಳಿಸಿ. ನಿಮ್ಮ ಅಜ್ಜಿಯ ಕೊಡದಲ್ಲಿ ಒತ್ತಕ್ಷರ ಎರಡೂ ಇವೆಯೇ ಎಂದು ನೋಡುವ ಆಸೆ.